ಕಪ್ಪೆಗೆಲ್ಲಿಯ ಬಾಲ

ಆ ಬೊಂಬೆ ಕಾರ್ಖಾನೆಯಲ್ಲಿ ‘ನಿನ್ನ ಬಾಲ ಕತ್ತರಿಸ್ತೀನಿ’ ಎಂದು ಯಾರನ್ನಾದರೂ ಗದರಿಸಿದರೆ ನಕ್ಕುಬಿಡುತ್ತಿದ್ದರು. ಬೇರೆ ಕಡೆ ಅದು ಬೈಗುಳವಿರಬಹುದು, ಅಲ್ಲಿ ಮಾತ್ರ ಸಂಬಳ ಕೊಟ್ಟು ಮಾಡಿಸುವ ಕೆಲಸ. ಬಟ್ಟೆಯ ನಾಯಿ, ಬೆಕ್ಕು, ಕೋತಿ ಏನೇ ಆಗಲಿ, ಹೊಲಿದು ಹತ್ತಿ ತುಂಬಿದ ಮೇಲೆ ಕತ್ತರಿ ಅಕ್ಕನ ಮೇಜಿಗೆ ಬರಲೇಬೇಕು. ಅವಳು ಬೊಂಬೆಯ ಕಣ್ಣಿಗೆ ಕೊಕ್ಕೆ ಸಿಕ್ಕಿಸಿ, ಸ್ಪ್ರಿಂಗ್ ತಕ್ಕಡಿಯ ಮುಳ್ಳು ಒಂಬತ್ತು ಕಿಲೋ ಮುಟ್ಟುವವರೆಗೆ ಎಳೆದು, ಹಾಗೇ ಹಿಡಿದುಕೊಂಡು ಹತ್ತು ಎಣಿಸುತ್ತಾಳೆ. ಕಣ್ಣು ಕದಲದಿದ್ದರೆ ಪಾಸು. ಒಂದು ಕೂದಲೆಳೆಯಷ್ಟು ಕದಲಿದರೂ ಮುಲಾಜಿಲ್ಲ, ಕಚಕ್ಕನೆ ಬಾಲ ಕತ್ತರಿಸಿ ಮೂಲೆಯ ಡ್ರಮ್ಮಿಗೆ ಎಸೆಯುತ್ತಾಳೆ. ಬಾಲ ಕತ್ತರಿಸಿದ ಬೊಂಬೆಯನ್ನು ಕಟ್ಟಬಾರದು ಎನ್ನುವುದು ಪ್ಯಾಕಿಂಗ್ ಕೋಣೆಯ ಕಾನೂನು. ಹಿಂದೊಮ್ಮೆ ಚೀಟಿ ಅಂಟಿಸಿ ನೋಡಿದ್ದರು, ಚೀಟಿ ಉದುರಿಹೋಗುತ್ತಿತ್ತು. ಕೆಂಪು ಚುಕ್ಕೆ ಇಟ್ಟು ನೋಡಿದರು, ಚೆನ್ನಾಗಿದೆಯಲ್ಲ ಎಂದು ಅದನ್ನೂ ಕಟ್ಟಿ ಕಳಿಸಿದರು. ಕತ್ತರಿಸಿದ ಬಾಲವಾದರೆ ಯಾರ ಕಣ್ಣಿಗೂ ಮಣ್ಣೆರಚುವಂತಿಲ್ಲ.

ಹನ್ನೊಂದು ವರ್ಷ ಈ ಕೆಲಸ ಮಾಡಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು ಎನ್ನುವಂತಾಗಿತ್ತು. ಮನೆಯಲ್ಲೂ ಅದೇ ಚಾಳಿ. ಡಬ್ಬದ ಮುಚ್ಚಳ, ಬಾಗಿಲ ಚಿಲಕ, ಮಗನ ಅಂಗಿಯ ಗುಂಡಿ, ಎಲ್ಲವನ್ನೂ ಒಮ್ಮೆ ಎಳೆದು ನೋಡದೆ ಅವಳಿಗೆ ಸಮಾಧಾನವಿಲ್ಲ. “ನನ್ನ ಕಿವಿನೂ ಒಂದ್ಸಲ ಎಳೆದು ನೋಡಿಬಿಡೇ, ಗಟ್ಟಿ ಇದೆಯೋ ಇಲ್ವೋ” ಎಂದು ಗಂಡ ಹಂಗಿಸುತ್ತಿದ್ದ. ಹಂಗಿಸಲಿ. ಅವಳ ಕೈ ದಾಟಿಹೋದ ಬೊಂಬೆಯ ಕಣ್ಣು ಈವರೆಗೆ ಯಾವ ಮಗುವಿನ ಗಂಟಲಿಗೂ ಇಳಿದಿರಲಿಲ್ಲ. ಅವಳಿಗೆ ಜಂಬ ಅಂತ ಒಂದಿದ್ದರೆ ಅದಿಷ್ಟೇ.

ಆ ಜಂಬಕ್ಕೆ ಕಲ್ಲು ಹಾಕಿದ್ದು ಕಪ್ಪೆ. ಹತ್ತಿರದ ಶಿಶುವಿಹಾರದವರು ಹಸಿರು ಕಪ್ಪೆ ಬೇಕು ಎಂದು ಕೇಳಿದ್ದರು, ನಲವತ್ತು. ಕಾರ್ಖಾನೆಯಲ್ಲಿ ಕಪ್ಪೆ ಮಾಡಿದ್ದು ಅದೇ ಮೊದಲು. ಎರಡು ಮೂರು ಕೆಟ್ಟರೂ ಇರಲಿ ಎಂದು ನಲವತ್ತಮೂರು ಹೊಲಿದರು. ಹೊಲಿದು ಮುಗಿದ ದಿನ ಮಧ್ಯಾಹ್ನ ಅವಳು ಎಳೆದು ನೋಡಿದಾಗ ಲೆಕ್ಕ ಹಾಕಿದ ಹಾಗೆ ಮೂರು ಕಪ್ಪೆಗಳ ಕಣ್ಣು ಸಡಿಲವಾಯಿತು. ಪೂರ್ತಿ ಕಿತ್ತು ಬರಲಿಲ್ಲ, ಕಣ್ಣನ್ನು ಒಳಗಿನಿಂದ ಹಿಡಿದಿಡುವ ಬಿಲ್ಲೆ ಸರಿಯಾಗಿ ಕೂತಿರದೆ ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಅಭ್ಯಾಸಬಲದಿಂದ ಕತ್ತರಿ ತೆಗೆದುಕೊಂಡು ಕಪ್ಪೆಯನ್ನು ತಿರುಗಿಸಿದರೆ ಬಾಲವೇ ಇಲ್ಲ. ಹೊಲಿಗೆಯವರೆಲ್ಲ ಬಿದ್ದುಬಿದ್ದು ನಕ್ಕರು. ಅವಳೂ ನಕ್ಕಳು. “ಇವಕ್ಕೆ ಏನು ಕತ್ತರಿಸೋದು ಅಂತ ನಾಳೆ ಯಜಮಾನತಿನೇ ಕೇಳ್ತೀನಿ” ಎಂದು ಮೂರನ್ನೂ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಅಷ್ಟರಲ್ಲಿ ಮಗನಿಗೆ ಜ್ವರ ಎಂದು ಶಾಲೆಯಿಂದ ಫೋನ್ ಬಂತು. ಎದ್ದೆನೋ ಬಿದ್ದೆನೋ ಎಂದು ಹೊರಟುಬಿಟ್ಟಳು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಕಿಟಕಿಯ ಕಟ್ಟೆ ಖಾಲಿ.

ಪ್ಯಾಕಿಂಗ್ ಕೋಣೆಯಲ್ಲಿ ಭಾವ ರಟ್ಟಿನ ಪೆಟ್ಟಿಗೆ ಮಡಿಸುತ್ತಿದ್ದರು. ಅವರು ಯಜಮಾನತಿಯ ಅಕ್ಕನ ಗಂಡ, ಹಾಗಾಗಿ ಇಡೀ ಕಾರ್ಖಾನೆಗೇ ಭಾವ. ಕಟ್ಟುವುದೂ ಅವರೇ, ವ್ಯಾನಿನಲ್ಲಿ ತಲುಪಿಸುವುದೂ ಅವರೇ.

“ಭಾವ, ಕಿಟಕಿ ಹತ್ರ ಮೂರು ಕಪ್ಪೆ ಇಟ್ಟಿದ್ನಲ್ಲ, ಎಲ್ಲಿ?”

“ಎಲ್ಲಿ ಅಂದ್ರೆ? ಎಲ್ಲಾ ಒಟ್ಟಿಗೆ ಗುಡ್ಡೆ ಹಾಕಿ ನಲವತ್ತು ಎಣಿಸಿ ನಿನ್ನೆ ಸಂಜೆನೇ ಕೊಟ್ಟು ಬಂದೆ. ಮೂರು ಮಿಕ್ಕಿತ್ತು, ಅಗೋ ಅಲ್ಲಿದೆ.”

“ಅವು ಫೇಲಾಗಿದ್ದು ಭಾವ!”

“ಬಾಲ ಕತ್ತರಿಸಿರಲಿಲ್ವಲ್ಲ ತಾಯಿ?”

“ಕಪ್ಪೆಗೆಲ್ಲಿಯ ಬಾಲ!”

ಭಾವ ಮಡಿಸುತ್ತಿದ್ದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎದ್ದರು. ಅವಳು ಮಿಕ್ಕಿದ್ದ ಮೂರನ್ನೂ ಬಾಚಿಕೊಂಡು ಒಂದೊಂದಾಗಿ ತಕ್ಕಡಿಗೆ ಸಿಕ್ಕಿಸಿ ಎಳೆದಳು. ಕೆಟ್ಟವು ಇವೇ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಮೂರೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಬೊಂಬೆ ಗಟ್ಟಿಯಾಗಿದೆ ಎಂದು ಅವಳಿಗೆ ಅಳು ಬಂದದ್ದು ಅದೇ ಮೊದಲು.

ತಕ್ಕಡಿಯನ್ನೂ ಆ ಮೂರು ಕಪ್ಪೆಗಳನ್ನೂ ಚೀಲಕ್ಕೆ ತುಂಬಿಕೊಂಡು ಇಬ್ಬರೂ ವ್ಯಾನು ಹತ್ತಿದರು. ಭಾವ ಶಿಶುವಿಹಾರಕ್ಕೆ ಫೋನ್ ಮಾಡಿ ಕಪ್ಪೆಗಳನ್ನೆಲ್ಲ ಮಕ್ಕಳ ಕೈಯಿಂದ ತೆಗೆದಿಡಲು ಹೇಳಿದರು. ದಾರಿಯುದ್ದಕ್ಕೂ ಅವಳು ತನ್ನನ್ನು ತಾನೇ ಶಪಿಸಿಕೊಂಡಳು. ಬಾಲವಿಲ್ಲದಿದ್ದರೇನು, ನಾಲ್ಕು ಕಾಲಿರಲಿಲ್ಲವೇ? ಒಂದನ್ನು ಕತ್ತರಿಸಿದ್ದರೆ ಆಗುತ್ತಿರಲಿಲ್ಲವೇ? ಬಾಲ, ಬಾಲ ಎಂದು ಹನ್ನೊಂದು ವರ್ಷ ಜಪ ಮಾಡಿ ತಲೆಯನ್ನೇ ಮರೆತುಬಿಟ್ಟಿದ್ದಳು.

“ತಪ್ಪು ನಂದೂ ಇದೆ,” ಎಂದರು ಭಾವ. “ಕೇಳಬೇಕಿತ್ತು.”

“ಇಲ್ಲ ಭಾವ. ಅಲ್ಲಾಡೋ ಕಣ್ಣು ನೋಡಿದ್ದು ನಾನು. ನೋಡಿದ್ಮೇಲೂ ನಕ್ಕಿದ್ದು ನಾನು.”

ಶಿಶುವಿಹಾರದ ಮೇಡಂ ಬುಟ್ಟಿಯನ್ನು ಬಾಗಿಲಲ್ಲೇ ತಂದಿಟ್ಟಿದ್ದರು. ಒಳಗೆ ಕಪ್ಪೆ ಕಳೆದುಕೊಂಡ ಮಕ್ಕಳು ಸೂರು ಹಾರಿಹೋಗುವಂತೆ ಗಲಾಟೆ ಮಾಡುತ್ತಿದ್ದವು. ಅವಳು ಮೆಟ್ಟಿಲ ಮೇಲೇ ಕೂತು ಎಳೆಯಲು ಶುರುಮಾಡಿದಳು. ಭಾವ ಎಣಿಸಿದರು. ಹದಿನಾಲ್ಕನೆಯದರ ಎಡಗಣ್ಣು ಪಟಕ್ಕೆಂದು ಕೈಗೆ ಬಂತು. ಮೂವತ್ತೊಂದನೆಯದರದೂ ಹಾಗೇ ಬಂತು. ಮೂವತ್ತೊಂಬತ್ತಕ್ಕೆ ಬುಟ್ಟಿ ಮುಗಿಯಿತು.

“ಇನ್ನೊಂದು?”

“ಅದು...” ಮೇಡಂ ತಡವರಿಸಿದರು. “ಒಂದು ವರ್ಷದ್ದೊಂದು ಹೆಣ್ಣುಮಗು ಇದೆ, ನಿನ್ನೆ ಸಂಜೆ ಕಪ್ಪೆ ಬಿಡಲ್ಲ ಅಂತ ರಂಪ ಮಾಡ್ತು. ಹೋಗ್ಲಿ ಅಂತ ಮನೆಗೇ ಕಳಿಸ್ದೆ. ನೀವು ಫೋನ್ ಮಾಡಿದಾಗಿಂದ ಅವರಮ್ಮನಿಗೆ ಮಾಡ್ತಾನೇ ಇದ್ದೀನಿ, ಎತ್ತುತ್ತಿಲ್ಲ. ಮಗು ಇವತ್ತು ಬಂದೂ ಇಲ್ಲ.”

ಸಡಿಲ ಕಣ್ಣಿನವು ಮೂರು. ಎರಡು ಸಿಕ್ಕಿವೆ. ಮೂರನೆಯದು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಾತ್ರಿಯೆಲ್ಲ ಅದು ಆ ಮಗುವಿನ ಮಗ್ಗುಲಲ್ಲಿತ್ತು.

ಮನೆ ಎರಡು ಬೀದಿ ಆಚೆಗೆ, ವ್ಯಾನು ಹೋಗದ ಸಂದಿಯಲ್ಲಿ. ಅವಳು ಚೀಲವನ್ನು ಎದೆಗವಚಿಕೊಂಡು ಓಡಿದಳು. ಭಾವ ಹಿಂದಿನಿಂದ ಏದುಸಿರು ಬಿಡುತ್ತ ಬಂದರು. ಮೂರನೇ ಮಹಡಿ. ಬಾಗಿಲು ಮುಚ್ಚಿತ್ತು. ಕಿವಿಗೊಟ್ಟರೆ ಒಳಗೆ ಸದ್ದೇ ಇಲ್ಲ. ಒಂದು ವರ್ಷದ ಮಗುವಿರುವ ಮನೆಯಲ್ಲಿ ಹಗಲು ಹೊತ್ತು ಸದ್ದಿಲ್ಲ ಅಂದರೆ ಏನರ್ಥ ಎಂದು ಎರಡು ಹೆತ್ತವಳಿಗೆ ಗೊತ್ತಿಲ್ಲವೇ? ಅಂಗೈಯಿಂದ ಬಾಗಿಲು ಬಡಿದಳು.

ಕದ ತೆರೆದ ತಾಯಿ ಇವರ ಮುಖ ನೋಡಿಯೇ ಹೆದರಿದಳು. ಅವಳ ಸೊಂಟದ ಮೇಲೆ ಮಗು ಕೂತಿತ್ತು. ಮಗುವಿನ ಬಾಯಲ್ಲಿ ಕಪ್ಪೆಯ ಕಾಲು.

“ಕಪ್ಪೆ ಕೊಡಿ! ಮೊದಲು ಕಪ್ಪೆ ಕೊಡಿ!”

ಅಕ್ಕ ತಾನೇ ಕಿತ್ತುಕೊಂಡು ತಿರುಗಿಸಿ ನೋಡಿದಳು. ಎಡಗಣ್ಣು ಇರಲಿಲ್ಲ. ಬಲಗಣ್ಣೂ ಇರಲಿಲ್ಲ. ಎರಡೂ ಇರಬೇಕಾದ ಜಾಗದಲ್ಲಿ ಕಪ್ಪು ಕಪ್ಪಗೆ ಏನೋ ಕಂಡಿತು. ಅವಳ ಕಣ್ಣಿಗೆ ಅವು ತೂತುಗಳಂತೆಯೇ ಕಂಡವು.

“ಕಣ್ಣೆಲ್ಲಿ? ನುಂಗಿತಾ? ಯಾವಾಗ?”

“ಯಾರಮ್ಮ ಅದು, ಮನೆ ಮುರಿಯೋ ಹಾಗೆ ಬಾಗಿಲು ಬಡಿಯೋದು?” ಒಳಗಿನಿಂದ ಮಗುವಿನ ಅಜ್ಜಿ ಕನ್ನಡಕ ಏರಿಸುತ್ತ ಬಂದರು. ಕೈಯಲ್ಲಿ ಪುಟ್ಟ ಬೆಂಕಿಪೊಟ್ಟಣ. “ಕಣ್ಣು ತಾನೇ? ಇಲ್ಲಿದೆ ನೋಡಿ, ಎರಡೂ. ನಾನೇ ಕಿತ್ತೆ.”

ಪೊಟ್ಟಣದಲ್ಲಿ ಎರಡು ಕಪ್ಪು ಕಣ್ಣುಗಳು ಮಿರಮಿರ ಮಿಂಚುತ್ತಿದ್ದವು.

“ನಿನ್ನೆ ಇವಳು ತಂದ ತಕ್ಷಣ ಹಿಡಿದು ನೋಡ್ದೆ. ಒಂದು ಕೈಗೇ ಬಂತು. ಒಂದು ಬಂದ ಮೇಲೆ ಇನ್ನೊಂದನ್ನ ನಂಬೋಕಾಗುತ್ತಾ? ಅದನ್ನ ಕತ್ತರಿಸಿ ತೆಗೆದು, ಎರಡಕ್ಕೂ ದಾರದಲ್ಲೇ ಕಣ್ಣು ಹೊಲಿದುಕೊಟ್ಟೆ. ನಾಲ್ಕು ಮಕ್ಕಳನ್ನ ಸಾಕಿದೀನಿ ನಾನು. ನೋಡದೆ ಒಂದು ಗಿಲಕಿನೂ ಬಾಯಿಗೆ ಕೊಟ್ಟೋಳಲ್ಲ.”

ಅಕ್ಕ ಕಪ್ಪೆಯನ್ನು ಬೆಳಕಿಗೆ ಹಿಡಿದಳು. ತೂತಲ್ಲ, ಕಪ್ಪು ದಾರದ ಒತ್ತೊತ್ತು ಹೊಲಿಗೆ. ಎಂಥ ಅಚ್ಚುಕಟ್ಟು ಹೊಲಿಗೆ! ಅವಳು ಹೊಸ್ತಿಲ ಪಕ್ಕದಲ್ಲೇ ಕೂತುಬಿಟ್ಟಳು. ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

“ಫೋನಾದ್ರೂ ಎತ್ತಬಾರದಿತ್ತೇನಮ್ಮ?” ಎಂದರು ಭಾವ, ಗೋಡೆಗೆ ಒರಗಿಕೊಂಡು.

“ಬೆಳಿಗ್ಗೆ ಇವಳು ಅದನ್ನ ನೀರಿನ ಬಕೆಟ್ಟಿಗೆ ಹಾಕಿದ್ಲು. ಅದಕ್ಕೇ ನಾನು ಕೆಲಸಕ್ಕೂ ಹೋಗಿಲ್ಲ, ರಿಪೇರಿ ಅಂಗಡಿ ತೆಗೀಲಿ ಅಂತ ಕಾಯ್ತಿದೀನಿ,” ಎಂದಳು ತಾಯಿ.

ಅಜ್ಜಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಅದಿರಲಿ, ಇಂಥ ಕಣ್ಣು ಹಾಕಿ ಕಳಿಸಿದ ಪುಣ್ಯಾತ್ಮ ಯಾರು? ಅದನ್ನ ಹೇಳಿ.”

ಭಾವ ಗಂಟಲು ಸರಿಮಾಡಿಕೊಂಡರು. ಅವರಿಗಿಂತ ಮೊದಲೇ ಅಕ್ಕ, “ನಾನೇ ಅಮ್ಮ,” ಎಂದಳು. “ನೋಡೋ ಕೆಲಸ ನಂದೇ. ಸಡಿಲ ಅಂತ ಗೊತ್ತಾದ ಮೇಲೂ ಗುರುತು ಮಾಡದೆ ಹಾಗೇ ಇಟ್ಟು ಹೋದೆ.”

ಅಜ್ಜಿ ಬಿಡಲಿಲ್ಲ. ಜವಾಬ್ದಾರಿ ಎಂದರೇನು, ಮಗು ಎಂದರೇನು, ಕಣ್ಣಿದ್ದೂ ಕುರುಡಾಗುವುದು ಎಂದರೇನು, ಎಲ್ಲವನ್ನೂ ನಿಂತಲ್ಲೇ ನೀರಿಳಿಸುವಂತೆ ಹೇಳಿದರು. ಅಕ್ಕ ತಲೆಯಾಡಿಸುತ್ತ ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಬೈಗುಳ ಅಷ್ಟು ಹಿತವಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ತನ್ನ ಕೈಯಲ್ಲಿ ತಪ್ಪಿದ ಕೆಲಸವನ್ನು ಈ ಮುದುಕಿ ಬರಿಗೈಯಲ್ಲಿ ಮಾಡಿ ಮುಗಿಸಿದ್ದರು. ಬೈಯಲಿ, ಇನ್ನೂ ಒಂದು ಗಂಟೆ ಬೈಯಲಿ.

ಅಷ್ಟರಲ್ಲಿ ಮಗುವಿಗೆ ತನ್ನ ಕಪ್ಪೆ ಇನ್ನೊಬ್ಬರ ಕೈಯಲ್ಲಿದೆ ಎನ್ನುವುದು ಹೊಳೆಯಿತು. ಕೆಳತುಟಿ ಮುಂದೆ ಬಂತು, ಮುಖ ಕೆಂಪಾಯಿತು, ಆಮೇಲೆ ಕೆಳಗಿನ ಮಹಡಿಯವರೂ ಬಾಗಿಲು ತೆರೆಯುವಂತೆ ಒಂದು ಅಳು ಹೊರಟಿತು. ತಾಯಿ “ಶ್, ಶ್” ಎಂದು ಕುಲುಕಿದಳು. ಅಜ್ಜಿ ಬೆಂಕಿಪೊಟ್ಟಣ ಅಲ್ಲಾಡಿಸಿದರು. ಭಾವ ಬೆಕ್ಕಿನಂತೆ ಕೂಗಿ ತೋರಿಸಿದರು.

ಅಕ್ಕ ಮಾತ್ರ ಮಗುವಿನ ಅಗಲಕ್ಕೆ ತೆರೆದ ಬಾಯನ್ನೇ ನೋಡುತ್ತಿದ್ದಳು. ನಾಲ್ಕು ಹಲ್ಲು, ಗುಲಾಬಿ ನಾಲಿಗೆ, ಅದರಾಚೆ ಕಿರುನಾಲಿಗೆಯವರೆಗೂ ಖಾಲಿ. ಅವಳ ಕಣ್ಣಿಂದ ದಳದಳ ನೀರು ಇಳಿಯುತ್ತಿತ್ತು, ಮುಖದ ತುಂಬ ನಗು.

“ಸುಮ್ಮನಿರಿಸಬೇಡಿ ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದಳು. “ಒಂದೇ ಒಂದು ನಿಮಿಷ. ಗಂಟಲು ಬಿಟ್ಟು ಅಳಲಿ.”