ಹನ್ನೆರಡು ಫೋನು, ಹದಿನಾಲ್ಕು ದಿನ

ಬೆಳಗ್ಗೆ ಏಳಕ್ಕೆ ಸರಿಯಾಗಿ ಫೋನು ಬೆಲ್ ಹೊಡೆಯಬೇಕಿತ್ತು. ದೊಡ್ಡಮ್ಮ ಹತ್ತು ನಿಮಿಷ ಮೊದಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಅದನ್ನು ಮುಟ್ಟದೆ ಎದುರಿಗಿಟ್ಟುಕೊಂಡು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ನೋಡುತ್ತಿದ್ದರು. ಏಳಾಯಿತು. ಏಳೂ ಐದಾಯಿತು. ಫೋನು ತುಟಿಪಿಟಕ್ ಎನ್ನಲಿಲ್ಲ. ಕಪಾಟಿನ ಮೇಲಿನ ಹಳೆಯ ಅಲಾರಾಂ ಗಡಿಯಾರ ಮಾತ್ರ ಮನೆಯೇ ಎದ್ದು ಕೂರುವಂತೆ ಬಡಿದುಕೊಂಡಿತು. ಅದರ ನೆತ್ತಿಯ ಮೇಲೊಂದು ತಟ್ಟಿ, ಬಿ.ಪಿ. ಮಾತ್ರೆ ನುಂಗಿ, ಅವರು ಫೋನನ್ನು ಅಡ್ಡ ತಿರುಗಿಸಿದರು. ನೆಟ್ಟಗೆ ಹಿಡಿದರೆ ಗುಂಡಿ ಕಾಣುತ್ತಿರಲಿಲ್ಲ. ‘ತೆಗೆದುಕೊಂಡೆ’ ಎಂದು ಬರೆದಿದ್ದ ಗುಂಡಿ ಒತ್ತಿದ ಮೇಲೆ ಹದಿಮೂರನೆಯ ದಿನದ ಚೌಕವೂ ಹಸಿರಾಯಿತು.

ಆ ಆ್ಯಪ್ ಮಾಡಿದವಳು ಅವರ ತಂಗಿಯ ಮಗಳು. ಇಪ್ಪತ್ತೊಂಬತ್ತು ತುಂಬಿದ್ದರೂ ಮನೆಯವರಿಗೆಲ್ಲ ಅವಳು ಇನ್ನೂ ಗುಬ್ಬಿಯೇ. ಎಂಟು ತಿಂಗಳ ಹಿಂದೆ ಕೆಲಸ ಬಿಟ್ಟು, ತಾಯಿಯ ಮನೆಯ ಕಿಟಕಿ ಪಕ್ಕದ ಮೇಜಿಗೆ ಅಂಟಿಕೊಂಡು ಕೂತು ಇದನ್ನು ಮಾಡಿದ್ದಳು. ಮಾತ್ರೆಯ ಹೊತ್ತಿಗೆ ಫೋನು ಬೆಲ್ ಹೊಡೆಯುತ್ತದೆ. ನುಂಗಿ ಗುಂಡಿ ಒತ್ತಿದರೆ ಆ ದಿನ ಹಸಿರು, ಮರೆತರೆ ಕೆಂಪು. ಬೀದಿ ಮೂಲೆಯ ಕ್ಲಿನಿಕ್ಕಿನ ನರ್ಸಮ್ಮ ನೋಡಿ ಮೆಚ್ಚಿಕೊಂಡಿದ್ದರು. ಒಂದನೇ ತಾರೀಖಿನೊಳಗೆ ಕೈಗೆ ಸಿಕ್ಕರೆ ತಮ್ಮ ಎಂಬತ್ತು ಜನ ಪೇಷಂಟುಗಳ ಫೋನಿಗೂ ಹಾಕಿಸುವುದಾಗಿ ಹೇಳಿದ್ದರು. ಇಲ್ಲದಿದ್ದರೆ ಬೇರೆ ಯಾರದೋ ಸಿದ್ಧವಾಗಿದೆಯಂತೆ, ಅದನ್ನೇ ಹಾಕಿಸುತ್ತಾರಂತೆ.

ಆದರೆ ಆ್ಯಪ್ ಜನರ ಕೈಗೆ ಹೋಗಬೇಕಾದರೆ ಫೋನಿನೊಳಗೆ ಆ್ಯಪ್ ಹಂಚುವ ಅಂಗಡಿಯವರು ಒಪ್ಪಬೇಕು. ಅವರು ಎರಡು ಸಲ ವಾಪಸ್ ಕಳಿಸಿದ್ದರು. ಮೊದಲ ಸಲ, ಮಾತ್ರೆ ನೆನಪಿಸುವುದಕ್ಕೆ ಫೋನಿನಲ್ಲಿರುವವರೆಲ್ಲರ ನಂಬರು ಯಾಕೆ ಕೇಳುತ್ತೀರಿ ಎಂದು. ಯಾವುದೋ ಹಳೆಯ ಕೆಲಸದಿಂದ ತಂದು ಜೋಡಿಸಿದ ಕೋಡಿನ ತುಣುಕಿನಲ್ಲಿ ಅದು ಉಳಿದುಕೊಂಡಿತ್ತು, ಗುಬ್ಬಿ ನೋಡಿಯೇ ಇರಲಿಲ್ಲ. ಎರಡನೆಯ ಸಲ, ಅಂಗಡಿಯಲ್ಲಿ ತೋರಿಸಲು ಕೊಟ್ಟ ಚಿತ್ರಗಳೇ ಬೇರೆ, ಒಳಗಿನ ಸರಕೇ ಬೇರೆ ಎಂದು. ಇವೆರಡನ್ನೂ ಸರಿಮಾಡಿದ ಮೇಲೆ ಮೂರನೆಯ ಷರತ್ತು ಬಂತು. ಹನ್ನೆರಡು ಜನ, ಹದಿನಾಲ್ಕು ದಿನ, ಒಂದು ದಿನವೂ ಬಿಡದೆ ಬಳಸಿ ನೋಡಬೇಕು.

ಹನ್ನೆರಡು ಜನರನ್ನು ಎಲ್ಲಿಂದ ತರುವುದು? ಗುಬ್ಬಿ ನೆಂಟರನ್ನೇ ಹಿಡಿದಳು. ದೊಡ್ಡಮ್ಮ, ಅವರ ಸೊಸೆ, ಗುಬ್ಬಿಯ ತಾಯಿ, ಬೀಗ ರಿಪೇರಿ ಮಾಡುವ ಭಾವ, ಅವರ ಹೆಂಡತಿ, ಹೀಗೆ ಲೆಕ್ಕ ತುಂಬಿತು. ಎಲ್ಲರೂ ಒಂದಲ್ಲ ಒಂದು ಮಾತ್ರೆ ನುಂಗುವವರೇ ಆದ್ದರಿಂದ ಹುಡುಕಾಟ ಅಷ್ಟೇನೂ ಕಷ್ಟವಾಗಲಿಲ್ಲ.

ಆ ಮನೆತನದಲ್ಲಿ ಒಂದು ರೂಢಿಯಿತ್ತು. ಮನೆಯವರು ಮಾಡಿ ಬಡಿಸಿದ್ದಕ್ಕೆ ಯಾರೂ ಕೊಂಕು ಹೇಳುತ್ತಿರಲಿಲ್ಲ. ಸಾರಿನಲ್ಲಿ ಉಪ್ಪಿಲ್ಲದಿದ್ದರೆ ಮಾತಾಡದೆ ಉಪ್ಪಿನ ಡಬ್ಬಿಗೆ ಕೈ ಚಾಚಬೇಕು, ಅಷ್ಟೇ. ದೊಡ್ಡಮ್ಮನೂ ಈ ಹದಿಮೂರು ದಿನ ಹಾಗೆಯೇ ಕೈ ಚಾಚಿದ್ದರು. ಬೆಲ್ ಆಗದಿದ್ದಾಗ ಗಡಿಯಾರ, ಗುಂಡಿ ಕಾಣದಿದ್ದಾಗ ಫೋನು ಅಡ್ಡ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ದೊಡ್ಡದಲ್ಲ. ದೊಡ್ಡಮ್ಮ ಮೂವತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಚೆಕ್ಕರ್ ಆಗಿದ್ದವರು. ಓದಿದ್ದು ಮೂರನೇ ಕ್ಲಾಸು. ಆದರೆ ಅಂಗಿಯನ್ನು ಒಳಮಗ್ಗಲು ತಿರುಗಿಸಿ ಹೊಲಿಗೆಯ ಮೇಲೆ ಒಂದು ಸಲ ಬೆರಳಾಡಿಸಿದರೆ, ಎಲ್ಲಿ ದಾರ ಸಡಿಲ, ಎಲ್ಲಿ ಹೊಲಿಗೆ ಜಾರಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ತಪ್ಪಿದ್ದ ಕಡೆ ಕೆಂಪು ಬಾಣದ ಪುಟ್ಟ ಚೀಟಿ ಅಂಟಿಸಿ ವಾಪಸ್ ಕಳಿಸುವುದು ಅವರ ಕೆಲಸ. ಸಾಲು ಮಿಷಿನ್ನುಗಳಲ್ಲಿ ಹೊಲಿಯುವ ಲೈನಿನವರು ಅವರಿಗೆ ‘ಭೂತಗನ್ನಡಿ’ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಆ ಹೆಮ್ಮೆಯನ್ನು ಮುರಿದವಳು ತಂಗಿ. ಗುಬ್ಬಿ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲಿನ ಮಾತು. ತಂಗಿ ಅದೇ ಲೈನಿನಲ್ಲಿ ಹೊಸದಾಗಿ ಕಾಲರು ಹೊಲಿಯಲು ಸೇರಿದ್ದಳು. ಒಂದು ಮಧ್ಯಾಹ್ನ ಅವಳ ಬಂಡಲಿನ ನಲವತ್ತು ಅಂಗಿಗಳಿಗೆ ದೊಡ್ಡಮ್ಮ ನಲವತ್ತು ಬಾಣ ಅಂಟಿಸಿದರು. ಸೂಪರ್‌ವೈಸರ್ ಅದನ್ನು ಎಲ್ಲರ ಮುಂದೆ ಎತ್ತಿ ಹಿಡಿದು ತೋರಿಸಿದ. ಮಾರನೆಯ ವಾರ ತಂಗಿ ಕೆಲಸ ಬಿಟ್ಟಳು, ಅಕ್ಕನ ಜೊತೆ ಮಾತೂ ಬಿಟ್ಟಳು. ನಾಲ್ಕು ವರ್ಷ ಒಂದೇ ಬೀದಿಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಕೊನೆಗೆ ಹೆರಿಗೆ ವಾರ್ಡಿನಿಂದ ಯಾರ ಕೈಯಲ್ಲೋ ಹೇಳಿಕಳಿಸಿದಳು, ಮಗುವನ್ನು ಅದರ ದೊಡ್ಡಮ್ಮ ಬಂದು ನೋಡಲಿ ಎಂದು. ಆ ಮಗುವೇ ಗುಬ್ಬಿ. ಅವಳನ್ನು ಮೊದಲು ಎತ್ತಿಕೊಂಡ ಹೊತ್ತಿನಲ್ಲೇ ದೊಡ್ಡಮ್ಮ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದರು. ಇನ್ನು ಮನೆಯವರ ಕೆಲಸದ ಒಳಮಗ್ಗಲು ತಾನು ತಿರುಗಿಸಿ ನೋಡುವುದಿಲ್ಲ.

ಈಗ ಆ ಗಂಟೇ ಅಡ್ಡ ಬಂದಿತ್ತು. ಮಾರನೆಯ ದಿನ ಹದಿನಾಲ್ಕು ದಿನ ಮುಗಿಯುತ್ತದೆ. ಎಲ್ಲರೂ ಸಂಜೆ ಐದಕ್ಕೆ ಬನ್ನಿ, ನಿಮ್ಮ ಮುಂದೆಯೇ ಅಂಗಡಿಯವರಿಗೆ ಅರ್ಜಿ ಕಳಿಸುವ ಗುಂಡಿ ಒತ್ತುತ್ತೇನೆ ಎಂದು ಗುಬ್ಬಿ ಹೇಳಿದ್ದಳು. ಒತ್ತಿದ ಮೇಲೆ ಅದು ಎಂಬತ್ತು ಮನೆಗೆ ಹೋಗುತ್ತದೆ. ಆ ಎಂಬತ್ತು ಜನರ ಕಪಾಟಿನ ಮೇಲೂ ಗಡಿಯಾರ ಇರುತ್ತದೆ ಎಂದು ಏನು ನೆಚ್ಚಿಗೆ?

ಬಹುಶಃ ತನ್ನ ಫೋನೊಂದೇ ಹಾಳಿರಬಹುದು ಎಂದುಕೊಂಡು ದೊಡ್ಡಮ್ಮ ಬೀಗದ ಭಾವನ ಅಂಗಡಿಗೆ ಹೋದರು. ಭಾವ ಅವರ ಗಂಡನ ಅಣ್ಣ. ಎಪ್ಪತ್ತು ದಾಟಿದ್ದರೂ ಅರದಿಂದ ಬೀಗದ ಕೈ ಉಜ್ಜುವುದು ನಿಂತಿರಲಿಲ್ಲ. ಫೋನು ಬೆಲ್ ಹೊಡೆಯುತ್ತಾ ಎಂದು ಕೇಳಿದಾಗ ಅವರು ಕನ್ನಡಕದ ಮೇಲಿನಿಂದ ನೋಡಿದರು.

“ಬೆಲ್ಲಾ? ಅದು ಬೆಲ್ ಬೇರೆ ಹೊಡಿಯತ್ತೇನಮ್ಮಾ?”

“ಮತ್ತೆ ದಿನಾ ಹಸಿರು ಹೇಗೆ ಬರ್ತಿದೆ ಭಾವ?”

ಅದಕ್ಕೆ ಭಾವ ಸಂಕೋಚವಿಲ್ಲದೆ ಹೇಳಿದರು. ಬೆಳಗ್ಗೆ ಎದ್ದ ಕೂಡಲೇ ತಮ್ಮ ಫೋನಿನಲ್ಲೂ ಹೆಂಡತಿಯ ಫೋನಿನಲ್ಲೂ ಆ ದಿನದ ಗುಂಡಿಗಳನ್ನೆಲ್ಲ ಒಂದೇ ಏಟಿಗೆ ಒತ್ತಿಬಿಡುತ್ತಾರಂತೆ. ಮಾತ್ರೆ ನೆನಪಾದಾಗ ನುಂಗುತ್ತಾರಂತೆ.

“ಮಗು ಕಷ್ಟಪಟ್ಟು ಮಾಡಿದೆ. ನಮ್ಮಿಂದ ಅದಕ್ಕೆ ಒಂದು ಕೆಂಪು ಬಿತ್ತು ಅಂತ ಆಗಬಾರದಲ್ಲ. ಮಾತ್ರೆ ತಪ್ಪಿದ್ರೂ ಗುಂಡಿ ತಪ್ಪಿಸಿಲ್ಲ ನಾನು.”

ದೊಡ್ಡಮ್ಮನಿಗೆ ನಗು ಬಂತು. ಅದರ ಬೆನ್ನಿಗೇ ಆ ಎಂಬತ್ತು ಮನೆಗಳು ನೆನಪಾದವು. ಮನೆಗೆ ಬಂದು ಸೊಸೆಯನ್ನು ಕೇಳಿದರೆ, ಅತ್ತೆಯ ಗಡಿಯಾರ ಹೊಡೆದಾಗ ತಾನೂ ಒತ್ತುತ್ತಿದ್ದೆ ಎಂದಳು. ಒಂದು ಗಡಿಯಾರದ ಮೇಲೆ ಎರಡು ಫೋನು ಬದುಕಿದ್ದವು.

ಮಾರನೆಯ ಸಂಜೆ ತಂಗಿಯ ಮನೆಯ ಹಜಾರ ತುಂಬಿತ್ತು. ಟೀ, ಬಿಸ್ಕತ್ತು, ಗೋಡೆಗೆ ಒರಗಿದ ನೆಂಟರು. ಗುಬ್ಬಿ ತನ್ನ ಕಂಪ್ಯೂಟರನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ಪರದೆಯ ತುಂಬ ಪುಟ್ಟ ಚೌಕಗಳು. ಹನ್ನೆರಡು ಸಾಲು, ಒಂದೊಂದು ಸಾಲಿಗೂ ಹದಿನಾಲ್ಕು. ಅಷ್ಟೂ ಹಸಿರು. ಹೊಸದಾಗಿ ನೀರು ಕಟ್ಟಿದ ಸಸಿಮಡಿಯ ಹಾಗೆ ಕಾಣುತ್ತಿತ್ತು. ಭಾವ ಜೋರಾಗಿ ಚಪ್ಪಾಳೆ ತಟ್ಟಿದರು. ಗುಬ್ಬಿಯ ಮುಖ ನೋಡಿದರೆ ಎಂಟು ತಿಂಗಳಲ್ಲಿ ಮೊದಲ ಸಲ ಅವಳು ಸರಿಯಾಗಿ ಉಸಿರಾಡುತ್ತಿದ್ದಾಳೆ ಎನಿಸುತ್ತಿತ್ತು.

ದೊಡ್ಡಮ್ಮ ಚೌಕಗಳನ್ನು ನೋಡಿದರು. ಮೂವತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲದ ಬಂಡಲು ಅವರ ಮೇಜಿಗೆ ಬಂದಿರಲಿಲ್ಲ. ಬಂದಿದ್ದರೆ ಅದನ್ನು ಹೊಲಿದವಳನ್ನು ಹೊಗಳುವ ಮೊದಲು, ಹಿಂದಿನ ಮೇಜಿನ ಚೆಕ್ಕರ್ ಎಲ್ಲಿ ತೂಕಡಿಸುತ್ತಿದ್ದಳು ಎಂದು ವಿಚಾರಿಸುತ್ತಿದ್ದರು. ಇಲ್ಲಿ ತೂಕಡಿಸಿದ ಚೆಕ್ಕರ್ ತಾವೇ.

ಗುಬ್ಬಿಯ ಬೆರಳು ಗುಂಡಿಯ ಹತ್ತಿರ ಹೋಯಿತು.

“ತಡಿ ಪುಟ್ಟಾ,” ಎಂದರು ದೊಡ್ಡಮ್ಮ. “ಒತ್ತಬೇಡ. ನನ್ನ ಫೋನಲ್ಲಿ ಒಂದು ದಿನಾನೂ ಬೆಲ್ ಆಗಿಲ್ಲ.”

ದೊಡ್ಡಮ್ಮ ಎಲ್ಲವನ್ನೂ ಹೇಳಿದರು. ಗಡಿಯಾರ, ಅಡ್ಡ ತಿರುಗಿಸಿದ ಫೋನು, ಸೊಸೆಯದು. ಭಾವನ ವಿಷಯವನ್ನು ಭಾವನೇ ತಲೆ ತಗ್ಗಿಸಿಕೊಂಡು ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಹನ್ನೆರಡರಲ್ಲಿ ಬೆಲ್ ಸರಿಯಾಗಿ ಕೇಳಿಸಿಕೊಂಡವರು ಮೂವರೇ, ಅವರು ಮೂವರೂ ದಿನವಿಡೀ ಫೋನು ಕೈಯಿಂದ ಇಳಿಸದವರು.

ಗುಬ್ಬಿ ತನ್ನ ಫೋನನ್ನು ಎತ್ತಿ ತೋರಿಸಿದಳು. “ನನ್ನದರಲ್ಲಿ ದಿನಾ ಆಗತ್ತಲ್ಲ ದೊಡ್ಡಮ್ಮ.”

ಆ ಫೋನಿಗೆ ಯಾವಾಗಲೂ ಒಂದು ವೈರು ಚುಚ್ಚಿಕೊಂಡಿರುತ್ತಿತ್ತು, ಆ್ಯಪ್ ಯಾವಾಗಲೂ ತೆರೆದಿರುತ್ತಿತ್ತು. ದೊಡ್ಡಮ್ಮ ಮೆಲ್ಲಗೆ ಹೇಳಿದರು. ಕಾರ್ಖಾನೆಯಲ್ಲಿ ತೋರಿಸುವುದಕ್ಕೆಂದು ಒಂದು ಅಂಗಿ ಹೊಲಿಯುತ್ತಿದ್ದರು. ಒಳ್ಳೆಯ ಮಿಷಿನ್ನು, ಒಳ್ಳೆಯ ಕೈ, ಅವಸರವಿಲ್ಲ, ಅದರಲ್ಲಿ ತಪ್ಪು ಬರುತ್ತಲೇ ಇರಲಿಲ್ಲ. ಆಮೇಲೆ ಲೈನಿಗೆ ಬಿಟ್ಟಾಗಲೇ ಕಷ್ಟ ಗೊತ್ತಾಗುತ್ತಿದ್ದದ್ದು. “ನಿನ್ನ ಫೋನು ಆ ತೋರಿಸೋ ಅಂಗಿ ಕಣೇ. ನಾವು ಲೈನು.”

ಗುಬ್ಬಿ ಕಂಪ್ಯೂಟರಿನ ಮುಚ್ಚಳ ಹಾಕಿ, ಯಾರ ಮುಖವನ್ನೂ ನೋಡದೆ ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ನೆಂಟರಿಗೆ ಒಬ್ಬೊಬ್ಬರಿಗೂ ಮನೆಯ ಕೆಲಸ ನೆನಪಾಗಿ ಹಜಾರ ಖಾಲಿಯಾಯಿತು. ದೊಡ್ಡಮ್ಮ ಮತ್ತು ತಂಗಿ ಉಳಿದರು, ನಡುವೆ ತಣ್ಣಗಾದ ಟೀ ಲೋಟಗಳು.

ದೊಡ್ಡಮ್ಮನಿಗೆ ಅದೇ ಮಧ್ಯಾಹ್ನ ತಿರುಗಿ ಬಂದಂತಿತ್ತು. ಆಗ ತಾಯಿ, ಈಗ ಮಗಳು. ಇನ್ನೆಷ್ಟು ವರ್ಷದ ಮಾತು ಹೋಯಿತೋ ಎಂದುಕೊಳ್ಳುತ್ತ, ಎದ್ದು ಲೋಟಗಳನ್ನು ಒಂದರೊಳಗೊಂದು ಪೇರಿಸತೊಡಗಿದರು. ತಂಗಿ ಅವರ ಕೈಯಿಂದ ಲೋಟ ತೆಗೆದುಕೊಂಡಳು.

“ಅಕ್ಕಾ, ಆ ಕಾಲರು ನಿಜವಾಗ್ಲೂ ಬಿಚ್ಚಿಕೊಳ್ತಿತ್ತು.”

ದೊಡ್ಡಮ್ಮ ಅವಳ ಮುಖ ನೋಡಿದರು.

“ನೀನು ಬಾಣ ಹಚ್ಚೋಕೆ ಮೊದಲೇ ನಾನು ಎಳೆದು ನೋಡಿದ್ದೆ. ದಾರ ಸಡಿಲ ಇತ್ತು. ಅಕ್ಕ ತಾನೇ ನೋಡೋದು, ಬಿಟ್ಟುಬಿಡ್ತಾಳೆ ಅಂದ್ಕೊಂಡು ಬಂಡಲು ಕಳಿಸಿದೆ.” ತಂಗಿ ಲೋಟದ ತಳದಲ್ಲಿ ಉಳಿದ ಟೀಯನ್ನೇ ನೋಡುತ್ತಿದ್ದಳು. “ನನ್ನ ಫೋನಲ್ಲೂ ಬೆಲ್ ಆಗಲ್ಲ. ಈಗ ಎಲ್ಲರೂ ಹೇಳುವಾಗಲೂ ನಾನು ಬಾಯಿ ಬಿಡಲಿಲ್ಲ ನೋಡು. ಹೆತ್ತ ಮಗಳು, ಪಕ್ಕದ ಕೋಣೆಯಲ್ಲೇ ಇರ್ತಾಳೆ.”

ಮೂವತ್ತಮೂರು ವರ್ಷದ ಮೇಲೆ ಬಂದ ಮಾತು. ದೊಡ್ಡಮ್ಮ ತಮ್ಮ ಚೀಲದಲ್ಲಿ ಕೈಯಾಡಿಸಿ, ಕಾರ್ಖಾನೆ ಬಿಡುವಾಗ ನೆನಪಿಗೆಂದು ತಂದಿದ್ದ ಬಾಣದ ಚೀಟಿಗಳ ಹಾಳೆಯನ್ನು ಹೊರತೆಗೆದರು. ಬೆಳಗ್ಗೆ ಯಾಕೆ ಅದನ್ನು ಚೀಲಕ್ಕೆ ಹಾಕಿಕೊಂಡಿದ್ದರೋ ಅವರಿಗೇ ಗೊತ್ತಿರಲಿಲ್ಲ. ಒಂದು ಬಾಣ ಬಿಡಿಸಿ, ಗುಂಡಿ ಮರೆಯಾಗುತ್ತಿದ್ದ ಕಡೆ ತಮ್ಮ ಫೋನಿನ ಗಾಜಿನ ತುದಿಗೆ ಅಂಟಿಸಿದರು. ತಂಗಿಯೂ ಒಂದನ್ನು ತೆಗೆದುಕೊಂಡು ತನ್ನ ಫೋನಿಗೆ ಅಂಟಿಸಿದಳು.

ಗುಬ್ಬಿ ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು. ಮೇಜಿನ ಮೇಲೆ ಬಾಣ ಹೊತ್ತು ಮಲಗಿದ ಎರಡು ಫೋನುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ದೊಡ್ಡಮ್ಮನದನ್ನು ಎತ್ತಿಕೊಂಡು ಒಳಗೆಲ್ಲ ತಡಕಾಡಿದಳು. ಅಕ್ಷರ ದೊಡ್ಡದಾಗಿ ಕಾಣಲೆಂದು ದೊಡ್ಡಮ್ಮ ಅದನ್ನು ಆಗುವಷ್ಟೂ ಹಿಗ್ಗಿಸಿಟ್ಟಿದ್ದರು. ಹಿಗ್ಗಿದ ಅಕ್ಷರ ಗುಂಡಿಯನ್ನು ಪರದೆಯಿಂದ ಕೆಳಕ್ಕೆ ತಳ್ಳಿತ್ತು. ಬೆಲ್ಲಿನ ಕಾರಣವೂ ಸಿಕ್ಕಿತು. ಬಹಳ ಹೊತ್ತು ಮುಟ್ಟದೆ ಇಟ್ಟರೆ, ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮಲಗಿಸಿಬಿಡುತ್ತಿತ್ತು.

“ಇದು ಮೊದಲನೇ ದಿನವೇ ಗೊತ್ತಿದ್ರೆ...” ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. “ನಾನು ಕೇಳಿದ್ದಾದ್ರೂ ಹೇಗೆ? ಚೆನ್ನಾಗಿದೆಯಾ ಅಂತ ಕೇಳಿದೆ. ನೀವೆಲ್ಲ ಚೆನ್ನಾಗಿದೆ ಅಂದ್ರಿ.”

ಅವತ್ತು ಗುಂಡಿ ಒತ್ತಲಿಲ್ಲ. ಸರಿಪಡಿಸಲು ಒಂಬತ್ತು ದಿನ ಹಿಡಿಯಿತು. ಆಮೇಲೆ ಅಂಗಡಿಯವರು ಕೇಳದಿದ್ದರೂ ಅವಳೇ ಇನ್ನೊಂದು ಹದಿನಾಲ್ಕು ದಿನ ಇಟ್ಟುಕೊಂಡಳು. ಒಂದನೇ ತಾರೀಖು ಕಳೆದೇಹೋಯಿತು. ನರ್ಸಮ್ಮ ಅರ್ಧ ಜನರಿಗೆ ಆ ಬೇರೆಯದನ್ನು ಹಾಕಿಸಿಬಿಟ್ಟರು. ಉಳಿದರ್ಧಕ್ಕೆ ಕಾಯುತ್ತೇನೆ, ಆದರೆ ನಿಮ್ಮ ದೊಡ್ಡಮ್ಮ ಸರಿಯಾಗಿದೆ ಅಂದಮೇಲೆ ತನ್ನಿ ಎಂದರು. ಗುಬ್ಬಿ ಮೂರು ದಿನ ಮಂಕಾಗಿದ್ದು, ನಾಲ್ಕನೆಯ ದಿನ ಎಂದಿನಂತೆ ದೊಡ್ಡಮ್ಮನ ಮನೆಗೆ ಬಂದು ಸ್ಟೂಲಿನ ಮೇಲೆ ಕೂತಳು.

ಈ ಸಲ ಎಲ್ಲರಿಗೂ ಆರಾರು ಬಾಣ ಹಂಚಿದ್ದಳು. ಹದಿನಾಲ್ಕು ದಿನದಲ್ಲಿ ಆರು ತಪ್ಪನ್ನಾದರೂ ಹುಡುಕಿ ಹೇಳಬೇಕೆಂದು ಕಟ್ಟುನಿಟ್ಟು. ಭಾವ ಉತ್ಸಾಹದಲ್ಲಿ, ಬಣ್ಣ ಸರಿಯಿಲ್ಲ, ಸದ್ದು ಬೆಕ್ಕಿನ ಮರಿಯ ಹಾಗಿದೆ ಎಂದು ಎರಡೇ ದಿನದಲ್ಲಿ ಆರೂ ಬಾಣ ಖಾಲಿ ಮಾಡಿ ಇನ್ನಷ್ಟು ಕೇಳಿ ಕಳಿಸಿದರು. ದೊಡ್ಡಮ್ಮ ಕಪಾಟಿನ ಗಡಿಯಾರವನ್ನು ಟ್ರಂಕಿನೊಳಗಿಟ್ಟು, ಫೋನನ್ನು ರಾತ್ರಿಯಿಡೀ ಮುಟ್ಟದೆ ಬಟ್ಟೆಯ ಅಡಿಯಲ್ಲಿ ಮಲಗಿಸುತ್ತಿದ್ದರು. ಬೆಳಗ್ಗೆ ಏಳಕ್ಕೆ ಅದು ಬಟ್ಟೆಯ ಅಡಿಯಿಂದಲೇ ಕೂಗಿತು. ಮರುದಿನವೂ ಕೂಗಿತು.

ಹೊಸ ಸುತ್ತಿನ ಐದನೆಯ ದಿನ ಗುಬ್ಬಿ ಫೋನು ಮಾಡಿದಳು. ಹಸಿರಿನ ನಡುವೆ ಒಂದು ಕೆಂಪು ಬಂದಿದೆ, ಅದೂ ದೊಡ್ಡಮ್ಮನ ಸಾಲಿನಲ್ಲಿ. ಬೆಲ್ ಮತ್ತೆ ಕೈಕೊಟ್ಟಿತಾ ಎಂದು ಕೇಳಿದಳು.

“ಬೆಲ್ ಆಯ್ತು ಪುಟ್ಟಾ. ನಿಮ್ಮಮ್ಮ ಅದೇ ಹೊತ್ತಿಗೆ ಫೋನು ಮಾಡಿದ್ಲು. ಕಾರ್ಖಾನೆ ಕಥೆ ಹಿಡಿದುಕೊಂಡು ಒಂದು ಗಂಟೆ ಕೊರೆದ್ಲು. ಮಾತ್ರೆ ಮರೆತೇ ಹೋಯ್ತು. ನುಂಗದೆ ಹೇಗೆ ಒತ್ತಲಿ?”

ಆ ಕಡೆಯಿಂದ ಗುಬ್ಬಿ ನಗುವುದು ಕೇಳಿಸಿತು. ಆ ಕೆಂಪು ನಿಜದ್ದು, ಹಾಗೇ ಇಟ್ಟುಕೊಳ್ಳುತ್ತೇನೆ, ನರ್ಸಮ್ಮನಿಗೆ ಮೊದಲು ತೋರಿಸುವುದು ಅದನ್ನೇ ಎಂದಳು. ದೊಡ್ಡಮ್ಮ ಫೋನಿಟ್ಟು, ಹೊತ್ತು ಮೀರಿದ್ದ ಮಾತ್ರೆಯನ್ನು ಈಗ ನುಂಗಬಹುದೇ ಎಂದು ಕೇಳಿಕೊಂಡು ಬರಲು ಚಪ್ಪಲಿ ಮೆಟ್ಟಿ ಕ್ಲಿನಿಕ್ಕಿನ ಕಡೆ ಹೊರಟರು.