ಎಂಬತ್ತು ತಗ್ಗುಗಳು

ಕುರಕುಂಟಾದ ಚಂದ್ರಾಮ ಮತ್ತು ಅವನ ಹೆಂಡತಿ ಅನಸುಬಾಯಿ ತಮ್ಮ ಎರಡು ಎಕರೆಯಲ್ಲಿ ಎಂಬತ್ತು ತಗ್ಗು ತೋಡಿದ್ದು 1997ರ ಬೇಸಿಗೆಯಲ್ಲಿ. ಮೇಲೆ ಮೊಣಕಾಲುದ್ದ ಕಪ್ಪು ಮಣ್ಣು, ಕೆಳಗೆ ಬರೀ ಫರಸಿ ಕಲ್ಲು. ರೈತರು ತಗ್ಗು ತೋಡಿದರೆ ಮಾವಿನ ಸಸಿಯನ್ನೂ ತೋಡಿದ ಕೂಲಿಯನ್ನೂ ಸರ್ಕಾರ ಕೊಡುತ್ತದೆ ಎಂದು ತೋಟಗಾರಿಕೆ ಯೋಜನೆಯ ಸಹಾಯಕ ಧೀರೇಂದ್ರ ಹೇಳಿದ್ದ. ಒಂದೊಂದು ತಗ್ಗಿಗೂ ಇಳಿದು ಅಳತೆ ಮಾಡಿ, ಅವರ ಹೆಸರನ್ನು ಪಟ್ಟಿಗೆ ಸೇರಿಸಿಕೊಂಡಿದ್ದ.

ಮಳೆ ಬಂತು, ಸಸಿ ಬರಲಿಲ್ಲ. ಸೈಕಲ್ ಮೇಲೆ ಧೀರೇಂದ್ರನೇ ಬಂದ.

"ಫಂಡ್ ಇನ್ನಾ ಬಂದಿಲ್ರಿ ಅನಸುಬಾಯಿ. ತಗ್ಗು ಮಾತ್ರ ಮುಚ್ಚಬ್ಯಾಡ್ರಿ. ಮುಚ್ಚಿದ್ರ ಹೆಸರು ತೆಗೀತಾರ."

"ಸುತ್ತೆಲ್ಲಾ ಕಲ್ಲಿನ ಗುಡ್ಡಿ ಬಿದ್ದಾವ. ತೊಗರಿ ಹ್ಯಾಂಗ ಬಿತ್ತೋದ್ರಿ ಸಾಹೇಬ್ರ?"

"ಒಂದು ವರ್ಷ ತಡೀರಿ."

ಎರಡು ವರ್ಷ ತಡೆದರು. ಎರಡನೆಯ ಮಳೆಗಾಲದಲ್ಲಿ ಹುಲ್ಲು ಮುಚ್ಚಿದ್ದ ತಗ್ಗಿಗೆ ಅವರ ಎತ್ತೊಂದು ಬಿದ್ದು ಮುಂಗಾಲು ಮುರಿದುಕೊಂಡಿತು. ಅದು ಪ್ರಾಣ ಬಿಡುವವರೆಗೂ ಚಂದ್ರಾಮ ಅದರ ಕೊರಳು ತಬ್ಬಿ ತಗ್ಗಿನಲ್ಲೇ ಕೂತಿದ್ದ. ಮರುವಾರ ಶಹಾಬಾದಿನ ಕಲ್ಲಿನ ಗಣಿಗೆ ಕೂಲಿಗೆ ಹೋದ.

ಮೂರನೆಯ ವರ್ಷ ಆದೇಶ ಬಂತು. ಅನುದಾನ ಅರ್ಧಕ್ಕಿಳಿದಿದೆ, ಹಳೆಯ ಪಟ್ಟಿ ರದ್ದು, ಈ ವರ್ಷ ಹೊಸದಾಗಿ ತಗ್ಗು ತೋಡಿದವರಿಗೆ ಮಾತ್ರ ಸಸಿ.

"ಹಳೇ ಪಟ್ಟಿಯವ್ರು ಆಗ್ಲೇ ತೋಡಿ ಇಟ್ಟಾರಲ್ರಿ ಸರ್," ಎಂದು ಧೀರೇಂದ್ರ ಮೇಲಧಿಕಾರಿಯ ಮುಂದೆ ನಿಂತ.

"ಹಳೇ ತಗ್ಗು ನಡೆಯಂಗಿಲ್ಲ. ಆರ್ಡರ್ ಹಂಗದ, ನಾ ಏನ್ ಮಾಡ್ಲಿ?"

ಆ ಸುದ್ದಿಯನ್ನೂ ಧೀರೇಂದ್ರನೇ ಒಯ್ಯಬೇಕಾಯಿತು. ಅನಸುಬಾಯಿ ಹೊಲದ ಕಡೆ ತಿರುಗಿ ನೋಡಿದಳು. ಆಮೇಲೆ ನಿಜಕ್ಕೂ ತಿಳಿಯದೆ ಕೇಳಿದಳು:

"ಈ ತಗ್ಗು ಮುಚ್ಚಿ ಮತ್ತ ತೋಡಿದ್ರ ಹೊಸಾವು ಆಗ್ತಾವೇನ್ರಿ?"

 ಧೀರೇಂದ್ರ ಕೇಳಿ ಹೇಳುತ್ತೇನೆಂದು ಹೋದ. ಅದನ್ನೇ ಪತ್ರದಲ್ಲಿ ಬರೆದು ಮೇಲಕ್ಕೆ ಕಳಿಸಿದ, ಉತ್ತರ ಬರಲಿಲ್ಲ.

ಚಂದ್ರಾಮ ಊರಿಗೆ ಬಂದ. ತೊಗರಿಯನ್ನಾದರೂ ಬಿತ್ತೋಣವೆಂದು ಗಂಡ ಹೆಂಡತಿ ಒಂಬತ್ತು ದಿನ ತಗ್ಗು ಮುಚ್ಚಿದರು. ಕಪ್ಪು ಮಣ್ಣು ಕೆಳಗೆ ಹೋಯಿತು, ಕಲ್ಲು ಮೇಲೆ ಉಳಿಯಿತು. ಆ ಜಾಗದಲ್ಲೆಲ್ಲ ತೊಗರಿ ಗೇಣುದ್ದ ಬೆಳೆದು ಹಳದಿಯಾಗಿ ನಿಂತುಬಿಟ್ಟಿತು.

ಮರುವರ್ಷ ಹೊಸ ಪಟ್ಟಿಗಾಗಿ ಧೀರೇಂದ್ರ ಮತ್ತೆ ಬಂದಾಗ ಅನಸುಬಾಯಿ ಕುಡಿಯಲು ನೀರು ಕೊಟ್ಟಳು.

"ನಮ್ಮ ಹೆಸರು ಬರೀಬ್ಯಾಡ್ರಿ," ಎಂದಳು.

ಪಕ್ಕದ ಹೊಲದ ಗೊಲ್ಲಾಳಪ್ಪ ಹೆಸರು ಬರೆಸಲು ಆಸೆಯಿಂದ ಕಾಯುತ್ತಿದ್ದ. ತಗ್ಗು ತೋಡುವುದು ಬೇಡ ಎನ್ನಬೇಕೆಂದುಕೊಂಡೇ ಧೀರೇಂದ್ರ ಅವನ ಬಳಿಗೆ ಹೋದ. ಆದರೆ ಇಷ್ಟು ಹೆಸರು ಬೇಕೆಂದು ಕಚೇರಿ ಕೊಟ್ಟ ಗುರಿಯಲ್ಲಿ ಇನ್ನೂ ಅರ್ಧ ಬಾಕಿಯಿತ್ತು. ತಲೆ ತಗ್ಗಿಸಿ ಅವನ ಹೆಸರು ಬರೆದುಕೊಂಡ.