ಅಕ್ಕನಿಗೆ ವಿಂಗಡಿಸಿದ ಮಾತು

ಸವಣೂರಿನ ಲಾಲಬಿ ಪಡಸಾಲೆಯಲ್ಲಿ ಕೂತು ವೀಳ್ಯದೆಲೆ ವಿಂಗಡಿಸುತ್ತಿದ್ದಳು. ದೊಡ್ಡ ಎಲೆ ಮದುವೆ ಮನೆಗೆ, ಎಳೆಯ ಎಲೆ ಹಲ್ಲಿಲ್ಲದವರಿಗೆ, ಹರಿದದ್ದು ತನ್ನ ಬಾಯಿಗೆ. ಪಕ್ಕದಲ್ಲಿ ‘ಪ್ರೀತಿಯ ಅಕ್ಕಾ’ ಎಂದಷ್ಟೇ ಬರೆದ ಹಾಳೆ ಬಿದ್ದಿತ್ತು. ಆಡೂರಿನಲ್ಲಿರುವ ಅಕ್ಕ ಹಜರತಬಿಗೆ ಈಗ ಕಿವಿ ಕೇಳಿಸದು, ಫೋನು ನಡೆಯದು. ‘ತಂಗಿ ನನ್ನ ಮರೆತಳು’ ಎಂದು ಅವಳು ಕೊರಗುತ್ತಿರುವ ಸುದ್ದಿ ರಂಜಾನಿಗೂ ಮುಂಚೆಯೇ ಬಂದಿತ್ತು.

“ಇನ್ನೂ ಅಷ್ಟ ಆಗೇತೇನ್ರಿ ಅತ್ತಿ?” ಸೊಸೆ ಮಾಹೀರಾ ಹಾಳೆ ನೋಡಿ ನಕ್ಕಳು.

“ಪೆನ್ನು ಹಿಡದ್ರ ಎಲ್ಲಾ ಹಾರಿ ಹೋಗ್ತೈತಿ ನೋಡವಾ. ದಿನಾ ಬಾಯಾಗ ಆಡೋ ಮಾತು!”

“ಎಲ್ಲಾ ಎಲಿ ಕಲಸಿಟ್ರ ಬೇಕಾದ್ದು ಕೈಗೆ ಸಿಗ್ತೈತೇನ್ರಿ? ಮಾತೂ ಹಂಗ ಬ್ಯಾರೆ ಬ್ಯಾರೆ ಮಾಡ್ರಿ.”

ಲಾಲಬಿ ಕೈ ನಿಲ್ಲಿಸಿ ಯೋಚಿಸಿದಳು. ಅಕ್ಕನನ್ನು ನಗಿಸುವ ಮಾತು ಒಂದು ಕಡೆ, ಅವಳನ್ನು ವಿಚಾರಿಸುವ ಮಾತು ಒಂದು ಕಡೆ, ಅಳಿಸುವ ಮಾತು ಇನ್ನೊಂದು ಕಡೆ. ನಗಿಸುವುದರಲ್ಲಿ ಆಡು ಹೊಸ ಚಾದರ ಮೆದ್ದದ್ದು ನೆನಪಾಯಿತು. ಅದರ ಬೆನ್ನಿಗೇ ಮಾಹೀರಾ ಉಪ್ಪು ಮರೆತ ಬಿರಿಯಾನಿಯೂ ಬಂತು. ವಿಚಾರಿಸುವುದರಲ್ಲಿ ಅಕ್ಕನ ಮೊಣಕಾಲು, ಅವಳ ಎಮ್ಮೆ, ಮೊಮ್ಮಗಳ ನಿಕಾಹ್ ಒಂದನ್ನೊಂದು ಎಳೆದುಕೊಂಡು ಬಂದವು. ಒಂದೊಂದಾಗಿ ಬರೆಯುತ್ತಾ ಹೋದಂತೆ ಹಾಳೆ ತುಂಬತೊಡಗಿತು.

“ಬಿರಿಯಾನಿ ಬರಿಬ್ಯಾಡ್ರಿ ಅತ್ತಿ!”

“ಸುಮ್ನಿರ. ಅಕ್ಕ ನಗಬೇಕಲ್ಲ.”

ಅಳಿಸುವ ಮಾತನ್ನು ಲಾಲಬಿ ಬರೆಯಲಿಲ್ಲ. ಹರಿದ ಎಲೆಯಂತೆ ಅದು ತನಗೇ ಇರಲಿ ಎಂದುಕೊಂಡಳು. ಹಲ್ಲಿಲ್ಲದ ಅಕ್ಕನಿಗೆಂದು ಎಳೆಯ ಎಲೆಯೊಂದನ್ನು ಹಾಳೆಯ ಜೊತೆ ಲಕೋಟೆಯಲ್ಲಿಟ್ಟು, ತಾನೇ ನಡೆದುಹೋಗಿ ಅಂಚೆ ಪೆಟ್ಟಿಗೆಗೆ ಹಾಕಿದಳು.